ಗಂಡು ಮೀನಿನ ಬುಟ್ಟಿ

ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೆ ಅತ್ತೆ ಮೂಗಿಗೆ ಸೆರಗು ಹಿಡಿಯುತ್ತಾರೆ. ಮಹಾರಾಷ್ಟ್ರದ ಗಡಿಯೊಳಗಿನ ಉದಗೀರದ ಬಜಾರದಲ್ಲಿ ಜೋಳ, ತೊಗರಿ ವ್ಯಾಪಾರ ಮಾಡಿಕೊಂಡು ಬಂದ ಲಿಂಗಾಯತರ ಮನೆ ಇದು. ಬೀದರ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮದುವೆಯ ಮಾತುಕತೆಯಲ್ಲಿ ನಮ್ಮ ತವರಿನವರು "ಸೈನ್ಸ್ ಕಲಿಸತಾಳ" ಎಂದಷ್ಟೇ ಹೇಳಿದ್ದರು. ಮೀನು ಕೊಯ್ಯುತ್ತಾಳೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಾದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಪ್ರಾಕ್ಟಿಕಲ್ ಇದ್ದ ದಿನ ನಾನು ಹಿತ್ತಲ ಬಾಗಿಲಿನಿಂದ ಬಂದು, ಜಳಕ ಮಾಡಿ, ಆಮೇಲೆ ಅಡುಗೆಮನೆಗೆ ಕಾಲಿಡಬೇಕು. ಇದರಿಂದ ನನಗೇನೂ ನಷ್ಟವಿಲ್ಲ, ಅಷ್ಟರಲ್ಲಿ ರೊಟ್ಟಿ ಬಡಿದು ಆಗಿರುತ್ತದೆ.

ಪ್ರಾಕ್ಟಿಕಲ್‌ಗೆ ಮೀನು ಬರುವುದು ಜಳಕೋಟ ಕಡೆಯ ಒಂದು ಸಣ್ಣ ಕೆರೆಯಿಂದ. ಅಲ್ಲಿ ಒಬ್ಬ ಮೀನುಗಾರ ಬಲೆ ಬೀಸುತ್ತಾನೆ, ಅವನ ಹೆಂಡತಿ ಸಂತೆಯಲ್ಲಿ ಮಾರುತ್ತಾಳೆ. ಆಕೆ ಹುಟ್ಟಿದ್ದು ಔರಾದ ಕಡೆ. ಹಾಗಾಗಿ ನನ್ನ ಕೂಡ ಕನ್ನಡ, ಗಿರಾಕಿಗಳ ಕೂಡ ಮರಾಠಿ. ನಾನು ಕೇಳುವುದು ಅಂಗೈ ಉದ್ದದ ಬೆಳ್ಳಿ ಬಣ್ಣದ ಮೀನು. ಅದನ್ನು ಯಾರೂ ಮರಿ ತಂದು ಬಿಟ್ಟು ಬೆಳೆಸಿದ್ದಲ್ಲ. ಹಳ್ಳದ ನೀರಿನ ಜೊತೆ ತಾನೇ ಬಂದು, ತಾನೇ ಹೆಚ್ಚಿದ್ದು.

ಹೋದ ವರ್ಷ ಗಣಪತಿ ಕಳಿಸಿದ ಮೇಲೆ ಆ ಮೀನು ಕೊಯ್ಯಲು ಕುಳಿತೆವು. ಒಬ್ಬಳ ಟ್ರೇಯಲ್ಲಿ ಹೆಣ್ಣು, ಪಕ್ಕದವಳ ಟ್ರೇಯಲ್ಲೂ ಹೆಣ್ಣು, ಹಿಂದಿನ ಸಾಲಿನಲ್ಲಿ ಎಲ್ಲವೂ ಹೆಣ್ಣು. ತೋರಿಸಲಿಕ್ಕೆ ಒಂದು ಗಂಡು ಹುಡುಕುವಷ್ಟರಲ್ಲಿ ಸಾಕುಸಾಕಾಯಿತು. ಹೀಗೇಕೆ ಎಂದು ಮಕ್ಕಳು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಈ ಜಾತಿಯಲ್ಲಿ ಹೆಣ್ಣು ದಪ್ಪ, ಗಂಡು ಸಣ್ಣ. ಬಲೆಯ ಕಣ್ಣು ದೊಡ್ಡದಿದ್ದರೆ ಗಂಡು ನುಸುಳಿ ಹೋಗುತ್ತದೆ, ಕೆರೆಯಲ್ಲಿ ಇದ್ದರೂ ಬುಟ್ಟಿಗೆ ಬರುವುದಿಲ್ಲ. ಕೆಲವು ಮೀನುಗಳಲ್ಲಿ ಮರಿ ಬೆಳೆಯುವಾಗಿನ ನೀರಿನ ಬಿಸಿಯೂ ಗಂಡು ಹೆಣ್ಣಿನ ಲೆಕ್ಕ ಏರುಪೇರು ಮಾಡುತ್ತದೆ. ಊರಿನ ಗಟಾರದ ನೀರು, ಹೊಲಕ್ಕೆ ಹೊಡೆದ ಔಷಧಿ ಹರಿದು ಬಂದರೆ ಅದರಲ್ಲಿನ ಕೆಲವು ರಾಸಾಯನಿಕ ಹೆಣ್ಣಿನ ಹಾರ್ಮೋನಿನ ಹಾಗೆ ಕೆಲಸ ಮಾಡಬಹುದು. ಇಲ್ಲಿ ಇವುಗಳಲ್ಲಿ ಯಾವುದು ಎಂದು ನೀರು ಪರೀಕ್ಷೆ ಮಾಡದೆ ಹೇಳಲಾಗದು ಎಂದೂ ಹೇಳಿದೆ. ಆ ಕೊನೆಯ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆಗೆ ಫೋನುಗಳಲ್ಲಿ ಸುದ್ದಿ ಹರಿದಾಡಿತು: ಕೆರೆಯ ನೀರಿಗೆ ಏನೋ ಸೇರಿದೆ, ಗಂಡು ಮೀನೆಲ್ಲ ಹೆಣ್ಣಾಗುತ್ತಿವೆ. ನಿಲಂಗಾ ಊರು ಮುಟ್ಟುವಷ್ಟರಲ್ಲಿ ಅದಕ್ಕೆ ಬಾಲ ಬೆಳೆದಿತ್ತು. ಆ ಮೀನು ತಿಂದವರಿಗೆ ಬರೀ ಹೆಣ್ಣು ಹುಟ್ಟುತ್ತವಂತೆ. ಉಮರ್ಗಾ ಬಸ್ಸಿನ ಕಂಡಕ್ಟರ್ ಇದನ್ನು ನನಗೇ ಹೇಳಿದ. ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ನಾನು ಟಿಕೆಟ್ ಇಸಿದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಸ್ವಲ್ಪ ದಿನ ಬಿಟ್ಟು ಮೀನಿನಾಕೆ ನಮ್ಮ ಮನೆಯ ಮುಂದೆ ಬಂದು ನಿಂತಳು. ಒಳಗೆ ಬರಬಾರದೆಂದು ಆಕೆಗೆ ಗೊತ್ತು. ಗೇಟಿನ ಆಚೆಯಿಂದಲೇ ಮಾತಾಡಿದಳು.

"ಬಾಯೀ, ಬುಟ್ಟಿ ಒಯ್ದಂಗೇ ತಿರುಗಿ ತರಲಿಕತ್ತೀನಿ. ಶ್ರಾವಣದಾಗ ಹ್ಯಾಂಗೂ ಮಂದಿ ಮೀನ ಭಾಳ ತಿನ್ನಲ್ಲ. ಈಗ ನಾಕ ಕಾಸು ನೋಡೋ ಹೊತ್ತಿನಾಗ ಹಿಂಗಾತು. ಇನ್ನೂ ಹಿಂಗೇ ನಡೀತಂದ್ರ ಕೆರಿ ಬಿಟ್ಟು ಹೈದರಾಬಾದಿಗಿ ಕೂಲಿಗಿ ಹೋಗಮು ಅಂತಾನ ನಮ್ಮಾಂವ."

"ನೀರಿನಾಗ ಹಿಂಗೇ ಆಗ್ಯದ ಅಂತ ನಾ ಹೇಳಿಲ್ಲ," ಎಂದೆ.

"ಮಂದಿ ಮ್ಯಾಡಮ್ ಹೇಳ್ಯಾರ ಅಂತಾರ. ನೀವೇ ಬಂದು ಸಂತ್ಯಾಗ ಒಂದ ಮಾತ ಹೇಳ್ರಿ."

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಈಗ ಸೆರಗು ಮೂಗಿಗೆ ಹೋಗುತ್ತದೆ, ಆಮೇಲೆ ನನಗೆ ಪೂಜೆಯಾಗುತ್ತದೆ ಎಂದುಕೊಂಡೆ. ಅತ್ತೆ ನಕ್ಕರು.

"ನೀನೇನ? ನಾವು ಬಿಡಿಸಿದವು ಎಲ್ಲಾ ಆರಾಮ ಅದಾವಿಲ್ಲೋ?"

"ಆರಾಮ ಅದಾವ್ರಿ ಅವ್ವಾ. ಭಾಳ ಆಗ್ಯಾವ."

ನಾನು ಇಬ್ಬರ ಮುಖವನ್ನೂ ನೋಡಿದೆ. ಏನು ಬಿಡಿಸಿದ್ದು ಎಂದು ಕೇಳಿದೆ. ಶ್ರಾವಣ ಸೋಮವಾರ ಬಜಾರದ ಹೆಂಗಸರೆಲ್ಲ ಅದೇ ಕೆರೆ ದಂಡೆಯ ಈಶ್ವರನ ಗುಡಿಗೆ ಹೋಗುತ್ತಾರೆ, ಅದು ನನಗೂ ಗೊತ್ತು. ಕಾಲೇಜು ಇರುವುದರಿಂದ ನಾನು ಹೋದವಳಲ್ಲ. ಪೂಜೆ ಮುಗಿದ ಮೇಲೆ ಅವರು ಬಲೆಯ ಹತ್ತಿರ ಹೋಗಿ, ಹೊಟ್ಟೆ ತುಂಬ ತತ್ತಿ ಇದ್ದ ಮೀನುಗಳನ್ನು ಆರಿಸಿ, ತಿರುಗಿ ನೀರಿಗೆ ಬಿಡಿಸುತ್ತಾರಂತೆ. ಅದಕ್ಕೆ ಬದಲು ಮೀನಿನಾಕೆಗೆ ಅಂಗಡಿಯ ಜೋಳ. ಅತ್ತೆಯ ಅತ್ತೆಯ ಕಾಲದಿಂದ ನಡೆದುಬಂದದ್ದು.

"ಹೊಟ್ಟಿಲೆ ಇದ್ದ ಜೀವ. ಹ್ಯಾಂಗ ಕೊಲ್ಲಲಿಕ್ಕ ಮನಸ ಬರತದ?" ಎಂದರು ಅತ್ತೆ.

"ಮತ್ತ ಗಂಡು ಮೀನು?"

"ಅವು ಆಕಿ ಹೊಟ್ಟಿಪಾಡಿಗಿ. ಎಲ್ಲಾ ಬಿಡಿಸಿದರ ಆಕಿ ಏನ ತಿನ್ನಬೇಕು?"

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ವರ್ಷ ವರ್ಷ ಗಂಡು ಬುಟ್ಟಿಗೆ, ಹೆಣ್ಣು ಕೆರೆಗೆ. ಸಣ್ಣ ಕೆರೆ, ಎಷ್ಟು ತಡೆದೀತು? ಕೊನೆಗೆ ಉಳಿದದ್ದು ಹೆಣ್ಣುಗಳೇ. ಇದೊಂದೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ, ಬಲೆಯ ಕಣ್ಣಿನ ಪಾಲೂ ಇರಬಹುದು. ಆದರೂ ಗಟಾರ, ಔಷಧಿ ಎಂದು ಊರೆಲ್ಲ ಬಡಬಡಿಸುವ ಮುಂಚೆ ನಮ್ಮ ಬಜಾರದ ಪುಣ್ಯವನ್ನು ಒಮ್ಮೆ ನೋಡಬೇಕಿತ್ತು. ಇದನ್ನು ಅತ್ತೆಗೆ ಬಿಡಿಸಿ ಹೇಳಿದೆ. "ಪುಣ್ಯದ ಕೆಲಸದಾಗೂ ತಪ್ಪ ಹುಡುಕತಾಳ ಕಲತಾಕಿ," ಎಂದು ಒಳಗೆ ಹೋದರು.

ಜಳಕೋಟ ಸಂತೆಯ ದಿನ ನಾನು ಆಕೆಯ ಬುಟ್ಟಿಯ ಪಕ್ಕ ನಿಂತು ಮರಾಠಿಯಲ್ಲಿ ಎಲ್ಲ ಹೇಳಿದೆ. ಶ್ರಾವಣದಲ್ಲಿ ಬಿಡಿಸುವುದನ್ನು ಹೇಳಿದೆ, ಬಲೆಯ ಕಣ್ಣನ್ನು ಹೇಳಿದೆ. ಜನ ಸೇರಿದರು, ತಲೆಯಾಡಿಸಿದರು. ಮೀನು ತಿಂದರೆ ಹೆಣ್ಣು ಹುಟ್ಟುವುದಿಲ್ಲ, ಗಂಡೋ ಹೆಣ್ಣೋ ಎಂಬುದು ಗಂಡಸಿನ ಕಡೆಯಿಂದಲೇ ತೀರ್ಮಾನವಾಗುತ್ತದೆ ಎಂದೆ. ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಒಂದು ಮೀನೂ ಹೋಗಲಿಲ್ಲ.

ಮೀನಿನಾಕೆ ಎಲ್ಲವನ್ನೂ ನೋಡುತ್ತ ಕುಳಿತಿದ್ದಳು. ಆಮೇಲೆ ಎದ್ದು ಅರ್ಧ ಮೀನು ಇನ್ನೊಂದು ಬುಟ್ಟಿಗೆ ಸುರಿದು, ಅದನ್ನು ಮುಂದಕ್ಕೆ ತಳ್ಳಿ, "ನರ ಮಾಸಾ, ನರ," ಎಂದು ಕೂಗತೊಡಗಿದಳು. ಗಂಡು ಮೀನು, ಗಂಡು. ನಾನು ಬಗ್ಗಿ ನೋಡಿದೆ. ಎರಡೂ ಬುಟ್ಟಿಯಲ್ಲಿ ಅವೇ ತುಂಬಿದ ಹೊಟ್ಟೆಯ ಹೆಣ್ಣುಗಳು.

"ಇದೇನ ನಡಸೀದಿ?" ಎಂದೆ ಮೆಲ್ಲಗೆ.

"ನೀವು ಖರೇ ಹೇಳಿದ್ರಿ, ಯಾರ ತಗೊಂಡ್ರು? ಈಗ ಸುಮ್ನ ನಿಂದರ್ರಿ."

ಗಿರಾಕಿಗಳು ತಿರುಗಿ ಬಂದರು. ಮೊದಲು ಬಂದವನು ನನ್ನ ಮಾತು ಕೇಳಿ ಹೊರಟುಹೋಗಿದ್ದವನೇ, ವಯಸ್ಸಾದ ಮನುಷ್ಯ. ಬುಟ್ಟಿಯಲ್ಲಿ ಎಲ್ಲಕ್ಕಿಂತ ದುಂಡಗಿದ್ದದ್ದನ್ನು ಎತ್ತಿ ನನಗೆ ತೋರಿಸಿದ. ಸೊಸೆ ಬಸುರಿ, ಮೊದಲಿನದು ಹೆಣ್ಣಾಗಿದೆ, ಈ ಸಲ ಹುಷಾರಾಗಿರಬೇಕು ಎಂದ. "ಮ್ಯಾಡಮ್, ಹಾ ನರ ಆಹೆ ನಾ?" ಇದು ಗಂಡೇ ತಾನೇ?

ಮೀನಿನಾಕೆ ನನ್ನ ಕಡೆ ನೋಡಲಿಲ್ಲ. ಇಳಿಗೆ ಒರೆಸುತ್ತಿದ್ದಳು. ನನಗೆ ಅವನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು.

"ನರಚ ಆಹೆ," ಎಂದೆ. ಗಂಡೇ.

ಆಕೆ ಅವನಿಗೆ ಬೆನ್ನು ತಿರುಗಿಸಿ ಮೀನಿನ ಹೊಟ್ಟೆ ಸೀಳಿದಳು. ತತ್ತಿಯ ಹಳದಿ ಗಂಟು ಆಕೆಯ ಡಬ್ಬಿಗೆ ಹೋಯಿತು, ಮೀನು ಅವನ ಚೀಲಕ್ಕೆ. ಮುಂದಿನ ಬುಟ್ಟಿ ತೀರಿದಂತೆ ಹಿಂದಿನದರಿಂದ ತುಂಬಿಕೊಂಡಳು, ಮಧ್ಯಾಹ್ನದೊಳಗೆ ಎರಡೂ ಬುಟ್ಟಿ ಖಾಲಿಯಾದವು. ಹೈದರಾಬಾದಿನ ಮಾತು ಆಕೆ ಮತ್ತೆ ಎತ್ತಲಿಲ್ಲ.

ತಿನ್ನುವ ಮೀನಿಗೂ ಹುಟ್ಟುವ ಕೂಸಿಗೂ ಸಂಬಂಧವಿಲ್ಲವೆಂದು ಸಂತೆಯ ನಡುವೆ ನಿಂತು ಗಂಟಲು ಹರಕೊಂಡವಳು ನಾನು. ಉದಗೀರದ ಬಸ್ಸಿಗೆ ಕಾಯುವಾಗ ಮಾತ್ರ ಆ ಮೀನು ತನ್ನ ಕೆಲಸ ಮಾಡಲಿ ಎಂದು ಬೇಡಿಕೊಂಡೆ. ಆ ಮುದುಕನ ಮನೆಯಲ್ಲಿ ಹೆಣ್ಣೇ ಆಗಲಿ, ಅದನ್ನು ಅವರು ಹುಟ್ಟಲು ಬಿಡಲಿ.