ಡಿಸ್ಕ್ ಮೋವರ್ ನೋಡಲು ಗುಬ್ಬಿಗೆ ಹೋದದ್ದು

ಭಾನುವಾರ ಬೆಳಿಗ್ಗೆ ಆರೂವರೆಗೆ ಶೆಟ್ಟಿಹಳ್ಳಿಯ ಮನೆ ಬಿಟ್ಟೆ. ರಜದ ದಿನವೂ ಕಬ್ಬಿಣದ ಹಿಂದೆ ಹೋಗಬೇಕೇ ಎಂದು ಹೆಂಡತಿ ಕೇಳುತ್ತಿದ್ದ ಹಾಗೇ ಚಪ್ಪಲಿ ಮೆಟ್ಟಿಕೊಂಡೆ. ತುಮಕೂರು ಬಸ್ ಸ್ಟ್ಯಾಂಡಿನ ಬಳಿ ಎರಡು ತಟ್ಟೆ ಇಡ್ಲಿ, ಒಂದು ಕಾಫಿ ಮುಗಿಸಿ ಗುಬ್ಬಿ ಬಸ್ ಹತ್ತಿದೆ. ಇಪ್ಪತ್ತು ಕಿಲೋಮೀಟರ್ ದಾರಿ, ಮುಕ್ಕಾಲು ಗಂಟೆ. ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಗಾಳಿ ಇರಲಿಲ್ಲ. ಆ ವಾರವೆಲ್ಲ ಹಾಗೇ ಇತ್ತು. ಹಗಲು ಸೆಕೆ, ಸಂಜೆ ಮೋಡ.

ಸತ್ಯಮಂಗಲದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಟ್ರ್ಯಾಕ್ಟರಿಗೆ ಕಟ್ಟುವ ನೇಗಿಲು, ಕುಂಟೆ, ಟ್ರೈಲರ್ ಎಲ್ಲಕ್ಕೂ ವೆಲ್ಡಿಂಗ್ ಮಾಡುತ್ತ ಮೂವತ್ತು ವರ್ಷ ಕಳೆದಿದ್ದೇನೆ. ಹೊಸ ಮೆಷಿನ್ ಎಂದರೆ ಈಗಲೂ ಕಿವಿ ನೆಟ್ಟಗಾಗುತ್ತದೆ. ನನ್ನ ಗಿರಾಕಿ ನರಸಿಂಹ ಕುಣಿಗಲ್ ಹತ್ತಿರದವನು. ನಾಲ್ಕು ಎಕರೆಯಲ್ಲಿ ರೋಡ್ಸ್ ಎಂಬ ಮೇವಿನ ಹುಲ್ಲು ಬೆಳೆದು, ಒಣಗಿಸಿ, ಕುದುರೆ ಸಾಕುವವರಿಗೆ ಮಾರುತ್ತಾನೆ. ಕೊಯ್ದ ಹುಲ್ಲಿಗೆ ಎರಡು ದಿನ ಒಳ್ಳೆಯ ಬಿಸಿಲು ಬೇಕು. ಮಳೆ ಬಿದ್ದರೆ ಕಪ್ಪಾಗುತ್ತದೆ, ಕುದುರೆ ಮೂತಿ ತಿರುಗಿಸುತ್ತದೆ. ಹುಲ್ಲು ಕೊಯ್ಯುವ ಅವನ ಹಳೆಯ ಕಟರ್ ಬಾರ್ ಮೋವರ್ ಕ್ಷೌರದ ಮೆಷಿನ್ನಿನ ಹಾಗೆ ಹಲ್ಲು ಕಡಿಯುತ್ತ ಅಷ್ಟು ಹೊಲ ಮುಗಿಸಲು ಮೂರು ದಿನ ತೆಗೆದುಕೊಳ್ಳುತ್ತಿತ್ತು. ಈ ಸಲ ಹುಲ್ಲು ಕೊಯ್ಲಿಗೆ ಬಂದಿತ್ತು, ಮೋಡವೂ ಬಂದಿತ್ತು. ಗುಬ್ಬಿ ಕಡೆ ಒಬ್ಬರು ಡಿಸ್ಕ್ ಮೋವರ್ ಮಾರುತ್ತಾರೆಂದು ಸುದ್ದಿ ಸಿಕ್ಕಾಗ, ಕಣ್ಣು ಮುಚ್ಚಿಕೊಂಡು ತಗೋ ಎಂದು ಅವನ ತಲೆ ತಿಂದವನು ನಾನೇ. ಆ ಮೆಷಿನ್ನನ್ನು ಫೋನಿನಲ್ಲಿ ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ.

ಗುಬ್ಬಿಯಲ್ಲಿ ನರಸಿಂಹ ತನ್ನ ಪಿಕಪ್ ಗಾಡಿಯಲ್ಲಿ ಕಾಯುತ್ತಿದ್ದ. ಹತ್ತು ಕಿಲೋಮೀಟರ್ ಒಳಗೆ ಶಿವಣ್ಣನವರ ತೋಟದ ಮನೆ. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಶೆಡ್ಡಿನ ಟಾರ್ಪಾಲು ಸರಿಸಿ ಮೆಷಿನ್ ತೋರಿಸಿದರು. ಉದ್ದನೆಯ ಒಂದು ಪಟ್ಟಿ, ಅದರ ಮೇಲೆ ಗಿರ್ರನೆ ತಿರುಗುವ, ಊಟದ ತಟ್ಟೆಯಗಲದ ಆರು ಉಕ್ಕಿನ ಬಿಲ್ಲೆ, ಒಂದೊಂದಕ್ಕೂ ಬೆರಳುದ್ದದ ಎರಡೆರಡು ಬ್ಲೇಡು. ಸುತ್ತ ದಪ್ಪ ಕ್ಯಾನ್ವಾಸಿನ ಪರದೆ. ನಾನು ಕೂತು, ಬಗ್ಗಿ, ಮಲಗಿ ನೋಡಿದೆ. ಎಲ್ಲೂ ಒಂದು ಬಿರುಕಿರಲಿಲ್ಲ.

ಶಿವಣ್ಣ ಮಾತ್ರ ಒಂದೊಂದಾಗಿ ದೂರು ಹೇಳತೊಡಗಿದರು. ಸಣ್ಣ ಟ್ರ್ಯಾಕ್ಟರ್ ಇದನ್ನು ಎಳೆಯುವುದಿಲ್ಲ, ಐವತ್ತು ಎಚ್‌ಪಿ ಬೇಕು. ನೆಲ ಏರುಪೇರಿದ್ದರೆ ಮಣ್ಣನ್ನೇ ಕೆರೆದು ಹುಲ್ಲಿಗೆ ದೂಳು ಬೆರೆಸುತ್ತದೆ, ಕುದುರೆಗೆ ಕೆಮ್ಮು ಬರುತ್ತದೆ. ಒಂದು ಬಿಲ್ಲೆ ಬಂಡೆಗೆ ಬಡಿದರೆ ಅಡಿಯ ಗೇರುಗಳನ್ನೆಲ್ಲ ಬಿಚ್ಚಬೇಕು. ಪ್ರತಿಯೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಬಾಡಿಗೆ ಟ್ರ್ಯಾಕ್ಟರ್ ಸಿಗುತ್ತದೆ, ಎತ್ತರ ಹೊಂದಿಸಬಹುದು, ಗೇರಿಗೆ ನಾನಿದ್ದೇನೆ. ಮಾರುವವರು ಬೇಡ ಎನ್ನುತ್ತಿದ್ದರು, ಕೊಳ್ಳುವವನ ಕಡೆಯ ನಾನು ಮೆಷಿನ್ನಿನ ಪರ ವಾದಿಸುತ್ತಿದ್ದೆ. ನರಸಿಂಹ ಮಧ್ಯೆ ನಿಂತು ಇಬ್ಬರ ಮುಖವನ್ನೂ ನೋಡುತ್ತಿದ್ದ.

ಓಡಿಸಿ ತೋರಿಸುವ ಮುಂಚೆ ಶಿವಣ್ಣ ನಮ್ಮಿಬ್ಬರನ್ನೂ ಮನೆಯ ತಾರಸಿಗೆ ಹತ್ತಿಸಿದರು. ಹೊಲ ಅಲ್ಲಿಂದ ನೂರು ಗಜಕ್ಕೂ ದೂರ. ಹೆಣ್ಣು ನೋಡಲು ಕರೆದು ಪಕ್ಕದ ಬೀದಿಯಲ್ಲಿ ನಿಲ್ಲಿಸಿದರಲ್ಲ ಎಂದು ನಾನು ನರಸಿಂಹನ ಕಿವಿಯಲ್ಲಿ ನಗೆಯಾಡಿದೆ. ಅಷ್ಟರಲ್ಲಿ ಶಿವಣ್ಣ ಹೊಲಕ್ಕಿಳಿದು ಮೆಷಿನ್ ಶುರು ಮಾಡಿದರು. ಮೊದಲು ಒಂದು ಗುಂಯ್ ಸದ್ದು, ಅದು ಏರಿ ಏರಿ ಒಂದೇ ಸ್ವರಕ್ಕೆ ನಿಂತಿತು. ಟ್ರ್ಯಾಕ್ಟರ್ ಮನುಷ್ಯ ಓಡುವಷ್ಟು ವೇಗದಲ್ಲಿ ಹೊರಟಿತು. ಎದೆಯೆತ್ತರದ ಹುಲ್ಲು ತಡವರಿಸಲೂ ಇಲ್ಲ, ಬಾಗಲೂ ಇಲ್ಲ, ನಿಂತ ಹಾಗೇ ಕೆಳಗೆ ಕೂತಿತು. ಒಂದು ಸುತ್ತು, ಎರಡು ಸುತ್ತು. ಹಸಿ ಹುಲ್ಲಿನ ವಾಸನೆ ತಾರಸಿಯವರೆಗೆ ಬಂತು. ಕೈಯಲ್ಲಿದ್ದ ಕಾಫಿ ಆರುವುದರೊಳಗೆ ಅರ್ಧ ಎಕರೆ ಮಲಗಿತ್ತು. ಮೂವತ್ತು ವರ್ಷ ಕಬ್ಬಿಣದ ಜೊತೆ ಬಾಳಿದ ನನಗೆ ಮೈ ಜುಮ್ಮೆಂದಿತು. ಮನುಷ್ಯನ ಕೈ ಇಂಥದ್ದನ್ನೂ ಮಾಡಿತಲ್ಲ ಎನಿಸಿತು.

“ಚೆಂದ ಅಲ್ವಾ?” ಎಂದು ಪಕ್ಕದಲ್ಲಿ ಯಾರೋ ಕೇಳಿದರು. ಕಾಫಿ ತಂದುಕೊಟ್ಟಿದ್ದ ಶಿವಣ್ಣನವರ ಹೆಂಡತಿ ಗಂಗಮ್ಮ. ಆಗ ಅವರ ಮುಖವನ್ನು ಸರಿಯಾಗಿ ನೋಡಿದೆ. ಎಡಗಣ್ಣು ಇರಲಿಲ್ಲ. ರೆಪ್ಪೆ ಒಳಕ್ಕೆ ಹೋಗಿ ಮುಚ್ಚಿತ್ತು.

ಅವರೇ ಹೇಳಿದರು. “ಊಟ ತಗೊಂಡು ಹೋಗಿದ್ದೆ, ಅಣ್ಣ. ಹೊಲಕ್ಕೂ ಇಳ್ದಿರ್ಲಿಲ್ಲ, ಬದಿನ ಮೇಲೇ ನಿಂತಿದ್ದೆ. ಮೆಷಿನ್ ಎಲ್ಲೋ ಆ ಕಡೆ ಇತ್ತು. ಕಣ್ಗೆ ಹುಳ ಬಿತ್ತು ಅಂತ ಉಜ್ಕೊಂಡೆ.”

ಬಿದ್ದದ್ದು ಹುಳವಲ್ಲ, ತಿರುಗುವ ಬಿಲ್ಲೆ ಸಿಡಿಸಿದ ಹುಣಸೆ ಬೀಜದಷ್ಟು ಕಲ್ಲು. ಪರದೆ ಸರಿಯಾಗೇ ಇತ್ತಂತೆ, ಅದರ ಅಡಿಯಿಂದ ಹಾರಿತ್ತು. ಅಂದಿನಿಂದ ಶಿವಣ್ಣ ಮುಂದೆ ನೋಡಿಕೊಂಡು ಟ್ರ್ಯಾಕ್ಟರ್ ಓಡಿಸಲಾರರು, ಬದುವಿನ ಕಡೆಗೇ ತಿರುಗಿ ತಿರುಗಿ ನೋಡುತ್ತಾರೆ. ಮಾರುತ್ತಿರುವುದು ಅದಕ್ಕೆ. ಗಂಗಮ್ಮನಿಗೆ ಮೆಷಿನ್ ಮೇಲೆ ಕೋಪವಿರಲಿಲ್ಲ. ಕೊಯ್ಯುವ ದಿನ ಈಗಲೂ ತಾರಸಿಗೆ ಬಂದು ಪೂರ್ತಿ ನೋಡುತ್ತಾರಂತೆ. ಉಳಿದ ಒಂದು ಕಣ್ಣಿನಲ್ಲಿ ಅವರು ಆ ಹೊಲ ನೋಡುತ್ತಿದ್ದ ರೀತಿಗೆ, ಸ್ವಲ್ಪ ಮುಂಚೆ ಮೆಷಿನ್ ಕಂಡು ಬೆರಗಾಗಿದ್ದ ನಾನು ಚಿಕ್ಕವನಾಗಿ ಹೋದೆ.

ನಾಳೆ ತಿಳಿಸುತ್ತೇವೆಂದು ಹೇಳಿ ಒಳದಾರಿಯಲ್ಲಿ ಕುಣಿಗಲ್ ಕಡೆ ಹೊರಟೆವು. ಒಂದೂವರೆ ಗಂಟೆಯ ದಾರಿ. ಯಾರನ್ನೂ ಹೊಲಕ್ಕೆ ಬಿಡದಿದ್ದರೆ ಆಯಿತಲ್ಲ ಎಂದು ನಾನು ಒಂದು ಸಲ ಮೆಲ್ಲಗೆ ಅಂದೆ. ಅವನು ಹೂಂ ಎಂದ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು.

ನರಸಿಂಹನ ಹೊಲ ತಲುಪಿದಾಗ ಎರಡೂವರೆ. ಹುಲ್ಲಿನ ನಡುವೆ ಹನ್ನೊಂದು ಹೆಂಗಸರು ಹಗ್ಗ ಹಿಡಿದು ಕೂತಿದ್ದರು. ಆ ಊರಿನಲ್ಲೊಂದು ವಾಡಿಕೆ ಇದೆ. ಹುಲ್ಲು ಕೊಯ್ಯುವ ದಿನ, ಜಮೀನಿಲ್ಲದೆ ಆಡು ಸಾಕಿಕೊಂಡವರು ಕೊಯ್ಯುವವರ ಹಿಂದೆಯೇ ನಡೆದು, ಬಿಟ್ಟುಹೋದದ್ದನ್ನು ಆಯ್ದು ಒಬ್ಬೊಬ್ಬರು ಒಂದೊಂದು ಹೊರೆ ಒಯ್ಯಬಹುದು. ಬೇಡ ಎಂದು ಯಾರೂ ಹೇಳುವುದಿಲ್ಲ. ಹೊಸ ಮೆಷಿನ್ ಇವತ್ತೇ ಬರುತ್ತದೆಂದುಕೊಂಡು ನರಸಿಂಹನ ತಾಯಿ ಕೆಂಪಮ್ಮ ಮನೆಮನೆಗೂ ಹೇಳಿ ಬಂದಿದ್ದರು. ಮೆಷಿನ್ನನ್ನು ಹತ್ತಿರದಿಂದ ನೋಡಲೆಂದು ಎಲ್ಲರೂ ಹೊಲದ ಮಧ್ಯಕ್ಕೇ ಬಂದು ಕೂತಿದ್ದರು.

“ಎಲ್ಲೋ ಮೆಷಿನ್ನು?” ಎಂದರು ಕೆಂಪಮ್ಮ.

ನರಸಿಂಹ ಆ ಹನ್ನೊಂದು ಜನರನ್ನು ನೋಡಿದ, ಆಕಾಶ ನೋಡಿದ, ಆಮೇಲೆ ನನ್ನನ್ನು. ಹೊಲಕ್ಕೆ ಬಿಡಬೇಡ ಎಂದಿದ್ದ ನಾನು ತಲೆ ತಗ್ಗಿಸಿದೆ. ಅವನು ಅಲ್ಲೇ ನಿಂತು ಶಿವಣ್ಣನವರಿಗೆ ಫೋನ್ ಮಾಡಿ, ಬೇಡ ಎಂದು ಹೇಳಿದ. “ಹಳೇದೇ ಕಟ್ಟಾನ ಬುಡವ್ವ,” ಎಂದ ತಾಯಿಗೆ.

ಹಳೆಯ ಬಾರಿನ ಎರಡು ಸಡಿಲ ಹಲ್ಲು ಬಿಗಿದು ಎಣ್ಣೆ ಬಿಟ್ಟುಕೊಟ್ಟೆ. ಮೂರೂವರೆಗೆ ಅದು ಕಟಕಟ ಎನ್ನುತ್ತ ಹೊರಟಿತು. ಹುಲ್ಲು ಸಿಕ್ಕಿಕೊಂಡಾಗಲೆಲ್ಲ ನಿಲ್ಲಿಸಿ ಬಿಡಿಸಬೇಕು. ಅದರ ಹಿಂದೆ ನಾಲ್ಕೇ ಹೆಜ್ಜೆ ದೂರದಲ್ಲಿ ಹೆಂಗಸರು ಬಗ್ಗಿ ಆಯುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ನಡೆದರು. ಮೊದಲ ಸುತ್ತು ಮುಗಿಯುವವರೆಗೂ ನಾನು ಉಸಿರು ಬಿಗಿ ಹಿಡಿದೇ ನಿಂತಿದ್ದೆ. ಒಂದು ಕಲ್ಲೂ ಹಾರಲಿಲ್ಲ. ಎಷ್ಟೋ ಸಲ ಬೈಯುತ್ತಾ ರಿಪೇರಿ ಮಾಡಿದ್ದ ಆ ಮೆಷಿನ್ನನ್ನು ಅವತ್ತು ಬೆರಗಿನಿಂದ ನೋಡಿದೆ. ಸಂಜೆ ಬಸ್ಸಿನಲ್ಲಿ ತುಮಕೂರಿಗೆ ವಾಪಸಾದೆ. ಹೊರಡುವಾಗ ತಿರುಗಿ ನೋಡಿದರೆ ಕೊಯ್ದದ್ದು ಅಂಗೈಯಗಲ, ಉಳಿದದ್ದು ಹೊಲದ ತುಂಬ.

ಮಳೆ ಎರಡನೆಯ ದಿನ ಸಂಜೆ ಬಂತು. ಮಾರನೆಯ ಬೆಳಿಗ್ಗೆ ಹೆದರುತ್ತಲೇ ಫೋನ್ ಮಾಡಿದೆ.

“ಎರಡೆಕರೆ ಹೋಯ್ತು ಅನ್ವರಣ್ಣ,” ಎಂದ ನರಸಿಂಹ. ಆಮೇಲೆ ಹೇಳಿದ. “ರಾತ್ರಿ ಮಲ್ಗಿ ಹುಲ್ಲಾಯೋ ಹೆಂಗಸ್ರನ್ನ ಒಬ್ಬೊಬ್ರನ್ನೂ ನೆನೆಸ್ಕೊಂಡು ಕಣ್ಣು ಎಣಿಸ್ದೆ. ಇಪ್ಪತ್ತೆರಡೂ ಇದಾವೆ.”