ಒರೆಯೊಳಗೆ ಹೋಗದ ಖಡ್ಗ

ನಮ್ಮ ಓಣಿಯವರು ಹೇಳುವ ಕಥೆಯೇ ಬೇರೆ. ಆ ರಾತ್ರಿ ನಮ್ಮ ಮನೆಯ ಖಡ್ಗ ತಾನಾಗಿಯೇ ಒರೆಯಿಂದ ಜಿಗಿಯಿತಂತೆ, ನೆಲದ ಮೇಲೆ ನೆತ್ತರು ಹರಿಯಿತಂತೆ. ಸುಳ್ಳು. ನಾನು ಅಲ್ಲೇ ಇದ್ದೆ. ಖಡ್ಗವನ್ನು ಹೊರತೆಗೆದದ್ದು ನನ್ನ ಕೈ. ನೆಲದ ಮೇಲಿದ್ದದ್ದು ಕುಂಕುಮ ಕರಗಿದ ಸೀಮೆಎಣ್ಣೆ. ನಡೆದದ್ದು ಇಷ್ಟೇ: ಹೊರಬಂದ ಖಡ್ಗ ಮತ್ತೆ ಒಳಗೆ ಹೋಗಲಿಲ್ಲ...

ಆ 'ಇಷ್ಟೇ' ಎಂಬುದನ್ನು ವಿವರಿಸಲು ಮಾತ್ರ ನನಗೆ ಇವತ್ತಿಗೂ ಬಂದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ದೆವ್ವ ಇದೆ ಎನ್ನುವವರ ನೀರಿಳಿಸುವುದೆಂದರೆ ನನಗೆ ಹಬ್ಬ. ದಸರೆಗೆಂದು ಹಳಿಯಾಳಕ್ಕೆ ಬಂದಾಗ ಅಜ್ಜ ಊಟ ಬಿಟ್ಟು ಕೂತಿದ್ದ.

ಕಾರಣ ಎದುರುಮನೆಯ ಯಲ್ಲೋಜಿ. ಮುತ್ತಜ್ಜ ಬ್ರಿಟಿಷರ ಕುದುರೆ ದಂಡಿನಿಂದ ತಂದ ಖಡ್ಗಕ್ಕೆ ನಮ್ಮಲ್ಲಿ ಖಂಡೇನವಮಿಯ ದಿನ ಪೂಜೆ. ಮರುದಿನ ಸಂಜೆ ಓಣಿಯವರೆಲ್ಲ ಬನ್ನಿಗಿಡಕ್ಕೆ ಹೊರಟಾಗ ಅದನ್ನು ಹಿಡಿದ ಅಜ್ಜನೇ ಎಲ್ಲರಿಗಿಂತ ಮುಂದೆ. ಯಲ್ಲೋಜಿಗೆ ಅದು ಕಣ್ಣುರಿ. ಕಟ್ಟೆಯ ಮೇಲೆ ಕೂತು ಹತ್ತು ಜನರೆದುರು ಅಂದಿದ್ದ: "ಇವರಪ್ಪ ದಂಡಿನ್ಯಾಗ ಕುದರಿ ಲದ್ದಿ ಬಳದಾಂವ. ಅಂವಗ ಯಾವ ಸಾಹೇಬ ತಲವಾರ ಕೊಟ್ಟಾನ್ರಿ?"

"ಸವಿ, ನೀ ಶಾಣ್ಯಾಕಿ," ಎಂದ ಅಜ್ಜ. "ಹಿಡಕಿ ಮ್ಯಾಲ ಇಂಗ್ಲೀಷ್ ಬರದೈತಿ ಅಂತ ನಮ್ಮಪ್ಪ ಅಂತಿದ್ದ. ಓದಿ ಹೇಳು. ಅಂವ ಅರವತ್ನಾಲ್ಕನೇ ನಂಬರಿನ ಸವಾರ. ಇಲ್ಲಾಂದ್ರ ಈ ಸಲ ನಾ ಯಾವ ಮುಖ ಹೊತ್ತು ಮುಂದ ನಡೀಲಿ?"

ಓದುವುದು ಸುಲಭವಿರಲಿಲ್ಲ. ಹಿಡಿಕೆಗೆ ಹಚ್ಚಿದ ಎಣ್ಣೆ-ಕುಂಕುಮವನ್ನು ನಮ್ಮ ಮನೆಯಲ್ಲಿ ಯಾರೂ ತೊಳೆಯುವುದಿಲ್ಲ. ವರ್ಷದ ಮೇಲೆ ವರ್ಷ ಪದರಗಟ್ಟಿ ಅದು ಕಲ್ಲಿನಂತಾಗಿತ್ತು. ಒರೆಯೂ ಹಾಗೆಯೇ: ಹಳೆಯ ಕೆಂಪು ಬಟ್ಟೆಯ ಮೇಲೇ ಪ್ರತಿ ವರ್ಷ ಹೊಸದನ್ನು ಸುತ್ತಿ ಹೊಲಿಯುತ್ತಾರೆ.

ಖಂಡೇನವಮಿಯ ಹಿಂದಿನ ದಿನ, ಕತ್ತಲಾಗುತ್ತಲೇ ಕರೆಂಟು ಹೋಯಿತು. ಅಪ್ಪನ ತಮ್ಮ ಮಾರುತಿ ಕಾಕಾ ಕಂದೀಲು ಹಿಡಿದು ಕೂತ. ನಾನು ಖಡ್ಗವನ್ನು ಒರೆಯಿಂದ ಹೊರಗೆಳೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಿಡಿಕೆಯನ್ನು ಉಜ್ಜತೊಡಗಿದೆ.

"ಏ ಹುಡುಗಿ, ದೇವರ ಮೈ ಕೆರಿಯಾಕ ಹತ್ತಿಯಲ್ಲ!"

"ದೇವರಲ್ಲ ಕಾಕಾ, ಕಬ್ಬಿಣ."

"ಇದು ನಿನ್ನ ಕಾಲೇಜಿನ ಸ್ಟೇಜ್ ಅಲ್ಲವ್ವಾ."

"ಮತ್ತ ಯಲ್ಲೋಜಿಗೆ ಏನ ತೋರಸ್ತಿ? ಕುಂಕುಮಾನ?"

ಕಾಕಾ ಕಂದೀಲನ್ನು ಇನ್ನಷ್ಟು ಹತ್ತಿರ ತಂದ.

ಮೊದಲು ಅಲಗಿನ ಬುಡದಲ್ಲಿ ಒಂದು ಪುಟ್ಟ ಕಿರೀಟ ಕಂಡಿತು. ಅದರ ಪಕ್ಕ ಬಾಣದ ಮೊನೆ. ಕಾಲೇಜಿನ ಲೈಬ್ರರಿಯ ಪುಸ್ತಕದಲ್ಲಿ ಓದಿದ್ದೆ, ಅದು ಸರ್ಕಾರಿ ಸ್ವತ್ತಿನ ಗುರುತು. ದಂಡಿನಿಂದ ಬಿಡುಗಡೆ ಮಾಡಿ ಮಾರಿದ ಆಯುಧವಾದರೆ ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿಕೊಂಡಿರುತ್ತವೆ. ಇಲ್ಲಿದ್ದದ್ದು ಒಂದೇ. ಅಂದರೆ, ಲೆಕ್ಕದ ಪ್ರಕಾರ ಈ ಖಡ್ಗ ಇನ್ನೂ ದಂಡಿನಲ್ಲೇ ಇದೆ!

ಒರೆಯ ಬಟ್ಟೆ ಬಿಚ್ಚಿದೆ. ಬಾಯಿಯ ಹತ್ತಿರ, ಉಕ್ಕಿನ ಮೇಲೆ ದಂಡಿನ ಅಕ್ಷರಗಳು, ಕೆಳಗೆ 64. ಅಜ್ಜ ಗೆದ್ದ ಎಂದುಕೊಂಡೆ. ಮುತ್ತಜ್ಜ ಸವಾರನೇ.

ಆಮೇಲೆ ಹಿಡಿಕೆಯ ಮೇಲಿನ ಕೊನೆಯ ಪದರ ಕಿತ್ತು ಬಂತು. ಅವೇ ಅಕ್ಷರಗಳು. ಕೆಳಗೆ... 217.

ಒರೆ ನಮ್ಮದು. ಖಡ್ಗ ಬೇರೊಬ್ಬನದು.

"ಏನಂತ ಬರದೈತಿ?" ಕಾಕಾ ಕೇಳಿದ. ಕನ್ನಡಕವಿಲ್ಲದೆ ಅವನಿಗೆ ಕಾಣುತ್ತಿರಲಿಲ್ಲ. "ತಡಿ," ಎಂದೆ. ಇದನ್ನು ಒಳಗೆ ಮಲಗಿದ್ದ ಅಜ್ಜನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಖಡ್ಗವನ್ನು ಒರೆಗೆ ಇಳಿಸಿದೆ.

ಗೇಣು ಉಳಿದಾಗ ನಿಂತಿತು.

ಮತ್ತೆ ಒತ್ತಿದೆ. ಇಲ್ಲ. ಕಾಕಾ ಎಣ್ಣೆ ಹಚ್ಚಿ ಎರಡೂ ಕೈಯಿಂದ ಒತ್ತಿದ. ಇಲ್ಲ. ಪ್ರತಿ ದಸರೆಗೂ ಸರಕ್ಕನೆ ಇಳಿಯುತ್ತಿದ್ದ ಖಡ್ಗ! ಅಲಗನ್ನಂತೂ ನಾನು ಮುಟ್ಟಿಯೇ ಇಲ್ಲ, ಬುಡ ಒರೆಸಿದ್ದು ಬಿಟ್ಟರೆ. ಕೊಳೆ ತೆಗೆದರೆ ಸಡಿಲವಾಗಬೇಕು, ಬಿಗಿಯಾಗುವುದು ಯಾವ ನ್ಯಾಯ? ಒಳಗಿನಿಂದ ಯಾರೋ ಅಂಗೈ ಅಡ್ಡ ಇಟ್ಟ ಹಾಗೆ... ಗಟ್ಟಿಯಾಗಿ ಅಲ್ಲ, ಮೆತ್ತಗೆ ತಡೆಯುತ್ತಿತ್ತು.

ಆಗಲೇ ಆ ವಾಸನೆ ಬಂತು. ಒದ್ದೆ ಚರ್ಮ, ಕುದುರೆಯ ಬೆವರು. ನಮ್ಮ ಓಣಿಯಲ್ಲಿ ಕುದುರೆಯೇ ಇಲ್ಲ. ಒರೆಯೊಳಗಿನ ಹಳೇ ಮರಕ್ಕೆ ಸೀಮೆಎಣ್ಣೆ ತಾಗಿರಬೇಕು ಎಂದುಕೊಂಡೆ. ಕಾಕಾ ಪಿಸುಗುಟ್ಟಿದ: "ಸವಿ... ನಿನಗೂ ಬರಾಕತ್ತೈತೇನ?"

ನಾನು ಉತ್ತರಿಸುವ ಮೊದಲೇ ಒಳಗಿನ ಕತ್ತಲಿನಿಂದ ಅಜ್ಜನ ದನಿ ಕೇಳಿತು. ಹಾಜರಿ ಕೂಗುವ ಹಾಗೆ, ಗಡಸಾಗಿ:

"ದೋ ಸೌ ಸತ್ರಾ!"

ಇನ್ನೂರಾ ಹದಿನೇಳು. ಆ ನಂಬರನ್ನು ನಾನು ಯಾರ ಮುಂದೆಯೂ ಅಂದಿರಲಿಲ್ಲ.

ಆಮೇಲೆ ಅದೇ ದನಿ, ತೀರ ಸಣ್ಣಗೆ: "ಗೈರ್ ಹಾಜಿರ್."

ಓಡಿ ಹೋಗಿ ನೋಡಿದೆವು. ಅಜ್ಜ ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದ. ಕೆನ್ನೆ ಒದ್ದೆಯಾಗಿತ್ತು.

ವಾದ ಹೂಡಲು ನನಗೂ ಬರುತ್ತದೆ. ಮುತ್ತಜ್ಜ ನಿದ್ದೆಯಲ್ಲಿ ಹೀಗೆ ಕೂಗುತ್ತಿದ್ದಿರಬಹುದು, ಎಳೆಯ ವಯಸ್ಸಿನಲ್ಲಿ ಕೇಳಿದ್ದು ಅಜ್ಜನ ತಲೆಯಲ್ಲಿ ಉಳಿದಿರಬಹುದು. ಒಪ್ಪಿದೆ. ಆದರೆ ಅದೇ ಗಳಿಗೆಯಲ್ಲೇ ಯಾಕೆ? ನನ್ನ ವಾದ ಅಲ್ಲಿಗೆ ನಿಲ್ಲುತ್ತದೆ.

ಬೆಳಿಗ್ಗೆ ಅಜ್ಜನಿಗೆ ಎರಡೂ ನಂಬರು ಹೇಳಿದೆ. "ನಿಮ್ಮಪ್ಪ ಸವಾರ ಅನ್ನೂದಕ್ಕ ಒರಿ ಸಾಕು ಅಜ್ಜಾ. ಒರಿ ಮ್ಯಾಲ ಅಂವಂದ ನಂಬರ್ ಐತಿ. ಯಲ್ಲೋಜಿ ಸೋತ." ಅಜ್ಜ ನಗಲಿಲ್ಲ. ಖಡ್ಗವನ್ನು ಬೇರೆ ಮಣೆಯ ಮೇಲಿಟ್ಟು, ಅದರ ಮುಂದೆ ಬೇರೆಯೇ ದೀಪ ಹಚ್ಚಿದ.

ಬನ್ನಿಯ ಸಂಜೆ ಅವನು ಹೊರಬಂದದ್ದು ಖಾಲಿ ಒರೆ ಹಿಡಿದು.

"ತಲವಾರ ಎಲ್ಲೈತಿ ಮಾವಾ? ತುಕ್ಕ ತಿಂತೇನ?" ಯಲ್ಲೋಜಿ ನಕ್ಕ.

"ಅದು ನಮ್ಮದಲ್ಲಪಾ," ಎಂದ ಅಜ್ಜ, ಎಲ್ಲರಿಗೂ ಕೇಳುವ ಹಾಗೆ. "ನೀ ಮುಂದ ನಡಿ."

ಯಲ್ಲೋಜಿಯ ನಗು ಅರ್ಧಕ್ಕೇ ನಿಂತಿತು. ಅಜ್ಜ ಎಲ್ಲರ ಹಿಂದೆ ನಡೆದ. ಅವನ ಪಕ್ಕದಲ್ಲಿದ್ದವಳು ನಾನೊಬ್ಬಳೇ. ಆದರೂ ದಾರಿಯುದ್ದಕ್ಕೂ ಅವನು ತನ್ನ ಎಡಗಡೆ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟೇ ನಡೆದ. ಆ ಕಡೆಯಿಂದ ನನ್ನ ಮೂಗಿಗೆ ಮತ್ತೆ ಒದ್ದೆ ಚರ್ಮದ ವಾಸನೆ...

ಇನ್ನೂರಾ ಹದಿನೇಳರ ಖಡ್ಗ ನಮ್ಮ ಮನೆಯಲ್ಲಿ, ಅದರ ಸವಾರ ಮಾತ್ರ ಹಾಜರಿಗೆ ಗೈರು. ತಡೆಯಲಾಗದೆ ಕೇಳಿಯೇಬಿಟ್ಟೆ:

"ಅಜ್ಜಾ, ಖರೇ ಹೇಳು. ಆ ಮನಷ್ಯಾಗ ನಿಮ್ಮಪ್ಪ ಏನ ಮಾಡಿದ್ದ?"