ಮದ್ದು ಹಾಕಬಾರದ ಮರ

ಆಕೆಯ ನಿಜವಾದ ಹೆಸರು ಪುರಸಭೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಆಕೆ ಕಷಾಯದಮ್ಮ. ನರ್ಸರಿಯ ಸಸಿಗಳಿಗೆಂದು ಬೇವಿನ ಬೀಜ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ನೆನೆಹಾಕಿ, ಹಿಂಡಿ ಸೋಸಿ, ಸೋಪಿನ ನೀರು ಬೆರೆಸುವ ಕೆಲಸವನ್ನು ಅವಳು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಬಿಸಿಲಿಗೆ ಅದರ ಗುಣ ಹೋಗುತ್ತದೆಂದು ಸಂಜೆಯೇ ಸಿಂಪಡಿಸುತ್ತಿದ್ದಳು, ಅದೂ ಎಲೆಯ ಬೆನ್ನಿಗೆ. ಹುಳುಗಳು ಊಟಕ್ಕೆ ಕೂರುವುದು ಅಲ್ಲೇ.

ಬೀದಿಯ ಮರಗಳಿಗೆ ಮಾತ್ರ ಹದಿನಾಲ್ಕು ವರ್ಷದಿಂದ ಡಬ್ಬಿಯ ವಿಷವನ್ನೇ ಹೊಡೆಯುತ್ತ ಬಂದಿದ್ದಳು. ಅದು ಅವಳ ಅಂಗೈ ಸುಲಿದಿತ್ತು, ಜೊತೆಗಾರನೊಬ್ಬನ ಒಂದು ಕಣ್ಣು ತೆಗೆದಿತ್ತು. ಬೀದಿಗೂ ಕಷಾಯವೇ ಸಾಕೆಂದು ಅವಳು ಪುರಸಭೆಯ ಸಾಹೇಬರ ಬೆನ್ನು ಬಿದ್ದಳು. ಸಾಹೇಬರಿಗೆ ಎಲೆ ತಿನ್ನುವ ದುಂಬಿಯ ಮೇಲಿದ್ದಷ್ಟು ನಂಬಿಕೆ ಕಷಾಯದ ಮೇಲಿರಲಿಲ್ಲ. ಕೊನೆಗೆ ಒಂದು ಬೀದಿಯ ಆರು ಮರಗಳಿಗೆ ಚೀಟಿ ಎತ್ತಿಸಿದರು. ಮೂರಕ್ಕೆ ಕಷಾಯ, ಮೂರಕ್ಕೆ ಏನೂ ಇಲ್ಲ. ವ್ಯತ್ಯಾಸ ಕಂಡರೆ ಊರಿಗೆಲ್ಲ ಕಷಾಯ, ಕಾಣದಿದ್ದರೆ ಮತ್ತೆ ಡಬ್ಬಿ.

ಮದ್ದಿಲ್ಲದ ಚೀಟಿ ಬಿದ್ದವುಗಳಲ್ಲಿ ಮೂರನೆಯ ಮರವೂ ಒಂದು. ಅದರ ನೆರಳಲ್ಲೇ ಅವಳ ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಹೊಟ್ಟೆ ಹೊರೆಯುತ್ತಿದ್ದಳು. ಎರಡು ವಾರದಲ್ಲಿ ಎಲೆಗಳು ಜರಡಿಯಾದವು, ಹುಳುಗಳು ಬಟ್ಟೆಯ ಮೇಲೆಲ್ಲ ಉದುರತೊಡಗಿದವು.

“ಊರ ಮರಕ್ಕೆಲ್ಲ ಹೊಡೀತೀಯ, ನನ್ನ ತಲೆ ಮೇಲಿರೋದಕ್ಕೆ ಹೊಡೆದ್ರೆ ನಿನ್ನ ಗಂಟೇನು ಹೋಗತ್ತೆ?” ಎಂದಳು ಅಕ್ಕ.

“ಚೀಟಿ ಹಾಗೆ ಬಿದ್ದಿದೆ ಅಕ್ಕ.”

“ಚೀಟಿ ನೆರಳು ಕೊಡತ್ತಾ?”

ಎರಡು ಸಂಜೆ ಕಷಾಯದಮ್ಮ ತಲೆ ತಗ್ಗಿಸಿಕೊಂಡು ದಾಟಿಹೋದಳು. ಮೂರನೆಯ ಸಂಜೆ ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಆ ಮರಕ್ಕೂ ಹೊಡೆದುಬಿಟ್ಟಳು. ಮನಸ್ಸು ತಡೆಯಲಿಲ್ಲ, ಅಷ್ಟೇ. ಆಮೇಲೆ ಪ್ರತಿ ವಾರವೂ ಹೊಡೆದಳು.

ಎರಡು ತಿಂಗಳಿಗೆ ಸಾಹೇಬರು ಪುಸ್ತಕ ಹಿಡಿದು ಬಂದರು. ಕಷಾಯ ಬಿದ್ದ ಮೂರು ಮರ ಹಸಿರಾಗಿದ್ದವು, ಬೀಳದ ಎರಡರಲ್ಲಿ ಎಲೆಯ ನರಗಳಷ್ಟೇ ಉಳಿದಿದ್ದವು. ಮೂರನೆಯದರ ಮುಂದೆ ಸಾಹೇಬರು ನಿಂತುಬಿಟ್ಟರು.

“ಮದ್ದಿಲ್ಲದೆ ಇದೂ ಚೆನ್ನಾಗೇ ಇದೆಯಲ್ಲಮ್ಮ? ಹಾಗಾದ್ರೆ ಇದೆಲ್ಲ ಕಷಾಯದ ಗುಣ ಅಂತ ಹೆಂಗೆ ಹೇಳೋದು? ಡಬ್ಬಿಗೇ ಬರೀತೀನಿ.”

ಹೇಳಿದರೆ ಅವಳ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಊರಿಗೆಲ್ಲ ವಿಷ. ಅಕ್ಕ ಯಂತ್ರ ತುಳಿಯುವುದನ್ನು ನಿಲ್ಲಿಸಿ, ಬೇಡವೆಂದು ಕಣ್ಸನ್ನೆ ಮಾಡಿದಳು. ಕಷಾಯದಮ್ಮ ಒಂದು ಎಲೆ ಕಿತ್ತು ಸಾಹೇಬರಿಗೆ ಕೊಟ್ಟಳು.

“ನಾಲಿಗೆಗೆ ಇಟ್ಟು ನೋಡಿ ಸಾರ್. ನಿನ್ನೆ ಸಂಜೇನೂ ಹೊಡೆದಿದ್ದೀನಿ. ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ.”

ಎಲೆ ನೆಕ್ಕಿದ ಸಾಹೇಬರು ಕಹಿಗೆ ಮುಖ ಕಿವುಚಿದರು. ಬೈಯಲಿಲ್ಲ. ಮೂರನೆಯ ಮರದ ಸಾಲಿಗೆ ಗೀಟು ಎಳೆದು, ಉಳಿದ ಐದನ್ನು ಲೆಕ್ಕಕ್ಕೆ ಹಿಡಿದು, ಊರಿಗೆಲ್ಲ ಕಷಾಯವೆಂದು ಬರೆದರು. ಅದರ ಕೆಳಗೆ, ಸಿಂಪಡಿಸುವ ಕೆಲಸಕ್ಕೆ ಬೇರೆ ನಂಬಿಕಸ್ಥರೊಬ್ಬರನ್ನು ನೇಮಿಸತಕ್ಕದ್ದು ಎಂದೂ ಬರೆದು, ಎರಡನ್ನೂ ಓದಿ ಹೇಳಿದರು.

ಎರಡನೆಯ ಮಾತು ಅವಳಿಗೆ ಚುರುಕ್ಕೆಂದಿತು. ಕಷಾಯ ಗೆದ್ದಿದೆ ಎನ್ನುವುದು ಮನೆ ತಲುಪಿ ಕೈಕಾಲು ತೊಳೆದ ಮೇಲಷ್ಟೇ ಅವಳಿಗೆ ಹೊಳೆಯಿತು.